ಎಫ್‌ಎಂ ಟ್ರಾನ್ಸ್‌ಮಿಟರ್‌ನ ಗೊರಗೊರ ನಿಂತಿದ್ದು ಹೀಗೆ

ಫೋನಿನ ಹಾಡನ್ನು ಎಫ್‌ಎಂ ಟ್ರಾನ್ಸ್‌ಮಿಟರ್ (ಹಾಡನ್ನು ಹತ್ತಿರದ ಎಫ್‌ಎಂ ರೇಡಿಯೊಗೆ ಪ್ರಸಾರ ಮಾಡುವ ಪುಟ್ಟ ಸಾಧನ) ಮೂಲಕ ಹಳೆಯ ಸ್ಟೀರಿಯೊದಲ್ಲಿ ಕೇಳಲು ಹೋದರೆ ಬರೀ ಗೊರಗೊರ. ನಡುನಡುವೆ ಬೇರೆ ಸ್ಟೇಷನ್ನಿನ ಮಾತು ನುಸುಳುತ್ತಿತ್ತು, ಹಾಡು ಜೋರಾದ ಕಡೆ ದನಿ ಒಡೆಯುತ್ತಿತ್ತು.

ಬ್ಯಾಟರಿ ಬದಲಿಸಿದೆ, ಪ್ರಯೋಜನವಾಗಲಿಲ್ಲ. ಫೋನಿನ ವಾಲ್ಯೂಮ್ ಪೂರ್ತಿ ಏರಿಸಿದಾಗ ಇನ್ನಷ್ಟು ಕೆಟ್ಟಿತು. ಸ್ಟೀರಿಯೊದ ಆಟೊ ಸ್ಕ್ಯಾನ್ ನಂಬಿದ್ದು ದೊಡ್ಡ ತಪ್ಪು: ಅದು ಹುಡುಕುವುದು ಸ್ಟೇಷನ್ ಇರುವ ಜಾಗವನ್ನು, ನಮಗೆ ಬೇಕಾದದ್ದು ಖಾಲಿ ಜಾಗ.

ಕೊನೆಗೆ ಟ್ರಾನ್ಸ್‌ಮಿಟರ್ ಆಫ್ ಇಟ್ಟು, ಸ್ಟೀರಿಯೊವನ್ನು 87.5ರಿಂದ 108 ಮೆಗಾಹರ್ಟ್ಸ್‌ವರೆಗೆ 0.1ರ ಹೆಜ್ಜೆಯಲ್ಲಿ ಕೈಯಾರೆ ಸರಿಸುತ್ತ ಹೋದೆ. ಒಂದೇ ಸಮ ಸುಯ್ ಎನ್ನುವ, ಎರಡೂ ಪಕ್ಕ 0.2 ಮೆಗಾಹರ್ಟ್ಸ್‌ವರೆಗೂ ಯಾವ ಸ್ಟೇಷನ್ನಿನ ಸುಳಿವೂ ಇಲ್ಲದ ಜಾಗ 88.3ರಲ್ಲಿ ಸಿಕ್ಕಿತು. ನಿಮ್ಮಲ್ಲಿ ಅದು ಬೇರೆ ಇರಬಹುದು. ಆಮೇಲೆ ಟ್ರಾನ್ಸ್‌ಮಿಟರನ್ನೂ 88.3ಕ್ಕೇ ಇಟ್ಟು ಆನ್ ಮಾಡಿದೆ. ಗೊರಗೊರ ನಿಂತಿತು.

ದನಿ ಒಡೆಯದಿರಲು ಫೋನಿನ ಈಕ್ವಲೈಜರ್ (ಬೇಸ್, ಟ್ರೆಬಲ್ ಏರಿಳಿಸುವ ಸೆಟ್ಟಿಂಗ್) ಆಫ್ ಮಾಡಿ, ವಾಲ್ಯೂಮನ್ನು ಶೇ. 60–70ಕ್ಕೆ ನಿಲ್ಲಿಸಿ, ಉಳಿದದ್ದನ್ನು ಸ್ಟೀರಿಯೊದಲ್ಲೇ ಏರಿಸಬೇಕು. ಎಷ್ಟೋ ಮಾದರಿಗಳಲ್ಲಿ ಟ್ರಾನ್ಸ್‌ಮಿಟರಿನ ವೈರೇ ಆಂಟೆನಾ. ಅದನ್ನು ಸುತ್ತಿಡದೆ ಉದ್ದಕ್ಕೆ, ಸ್ಟೀರಿಯೊದ ಆಂಟೆನಾ ಹತ್ತಿರ ಬಿಡಿ. ಆಮೇಲೂ ಸಣ್ಣ ಸುಯ್ ಉಳಿದರೆ ಸ್ಟೀರಿಯೊವನ್ನು ಮೋನೊಗೆ (ಎಡ-ಬಲ ಎರಡೂ ಕಡೆ ಒಂದೇ ದನಿ ಬರುವ ಸೆಟ್ಟಿಂಗ್) ಹಾಕಿ.