ಕುದುರೆಯನ್ನು ಕಂಡವರು ಯಾರು?

ಡೆಲವೇರ್ ರಾಜ್ಯದ ನ್ಯೂಆರ್ಕ್ ಪಟ್ಟಣಕ್ಕೆ ಬಂದು ನೆಲೆಸಿದ ಮೊದಲ ವರ್ಷ, ಬಟ್ಟೆ ಒಗೆಯುವ ಯಂತ್ರಕ್ಕೆ ಹಾಕಲೆಂದು ಡಬ್ಬಿಯಲ್ಲಿ ಕೂಡಿಟ್ಟಿದ್ದ 25 ಸೆಂಟಿನ ನಾಣ್ಯಗಳ ನಡುವೆ, ನಾಗಾಲೋಟದಲ್ಲಿರುವ ಕುದುರೆಯ ಮೇಲೆ ಮುಂದಕ್ಕೆ ಬಾಗಿ ಕುಳಿತ ಸವಾರನೊಬ್ಬನ ಚಿತ್ರವಿದ್ದ ನಾಣ್ಯವೊಂದು ನನ್ನ ಕಣ್ಣಿಗೆ ಬಿತ್ತು. (ಇಲ್ಲಿ ಆ ನಾಣ್ಯಕ್ಕೆ ಕ್ವಾರ್ಟರ್ ಎನ್ನುತ್ತಾರೆ, ಊರಿನ ಗೆಳೆಯರ ಎದುರು ಈ ಮಾತನ್ನು ಸ್ವಲ್ಪ ಎಚ್ಚರದಿಂದ ಆಡಬೇಕಾಗುತ್ತದೆ.) ಬ್ರಿಟಿಷ್ ಪಡೆ ಬರುತ್ತಿದೆಯೆಂದು ಎಚ್ಚರಿಸಲು ರಾತ್ರಿಯಲ್ಲಿ ಕುದುರೆ ಓಡಿಸಿದ ಪಾಲ್ ರೆವಿಯರ್ ಇರಬೇಕೆಂದುಕೊಂಡೆ. ನಾಣ್ಯ ಹೊರಬಂದ 1999ರಲ್ಲಿ ಇಲ್ಲಿಯವರೇ ಎಷ್ಟೋ ಮಂದಿ ಹಾಗೆ ಭಾವಿಸಿದ್ದರೆಂದು ಆಮೇಲೆ ತಿಳಿಯಿತು. ಕನ್ನಡಕ ಹಾಕಿಕೊಂಡು ನೋಡಿದಾಗ ಅಂಚಿನಲ್ಲಿ ಸೀಸರ್ ರಾಡ್ನಿ ಎಂಬ ಹೆಸರಿತ್ತು. ಕೆಲವು ವರ್ಷಗಳ ನಂತರ ನಮ್ಮ ಕನ್ನಡ ಬಳಗದ ಸ್ಮರಣ ಸಂಚಿಕೆಗೆ ಈ ನೆಲದವರೊಬ್ಬರ ಜೀವನಚಿತ್ರವನ್ನು ಬರೆದುಕೊಡಬೇಕೆಂಬ ಬೇಡಿಕೆ ಬಂದಾಗ, ಬೇರೆ ಹೆಸರನ್ನು ಹುಡುಕುವ ಗೋಜಿಗೆ ಹೋಗದೆ ಅವನನ್ನೇ ಆರಿಸಿಕೊಂಡೆ.

ಮೊದಲ ಕರಡು ಎರಡೇ ವಾರದಲ್ಲಿ ಸಿದ್ಧವಾಯಿತು. ಅಷ್ಟು ಬೇಗ ಸಿದ್ಧವಾದುದೇ ಅದರ ದೋಷವನ್ನು ಹೇಳುತ್ತಿತ್ತು. 1776ರ ಜುಲೈ 1ರ ರಾತ್ರಿ, ಗುಡುಗು ಮಳೆಯಲ್ಲಿ, ಉಬ್ಬಸದ ರೋಗಿಯಾದ 47 ವರ್ಷದ ರಾಡ್ನಿ ಡೋವರ್‌ನಿಂದ ಫಿಲಡೆಲ್ಫಿಯಾಕ್ಕೆ ಸುಮಾರು 80 ಮೈಲಿ ಕುದುರೆ ಓಡಿಸಿಕೊಂಡು ಹೋಗಿ, ಬ್ರಿಟನ್ನಿನಿಂದ ಅಮೆರಿಕದ ಸ್ವಾತಂತ್ರ್ಯದ ಪರವಾಗಿ ಮತ ಹಾಕಿದನೆಂಬ ಪ್ರಸಿದ್ಧ ಕಥೆಯನ್ನು ನಾನು ನಾಲ್ಕು ಪುಟ ಬರೆದಿದ್ದೆ. ಮಿಂಚಿನ ಬೆಳಕಿನಲ್ಲಿ ಕುದುರೆಯ ಕೇಸರ ಹೊಳೆದಿತ್ತು. ತೊರೆಗಳು ಉಕ್ಕಿ ಹರಿದಿದ್ದವು. ಶಿವಮೊಗ್ಗದಲ್ಲಿ ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತರಾದ ನನ್ನ ಸೋದರಮಾವನಿಗೆ ಕರಡನ್ನು ಕಳುಹಿಸಿದೆ. ಮೂರು ದಿನಗಳ ನಂತರ ಅವರು ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ: “ಚೆನ್ನಾಗಿದೆ ಕಣೋ. ಆದರೆ ಆ ಕುದುರೆಯನ್ನು ಕಂಡವರು ಯಾರು?”

“ಎಲ್ಲ ಕಡೆ ಹಾಗೇ ಇದೆಯಲ್ಲ ಮಾವ, ನಾಣ್ಯದ ಮೇಲೂ ಇದೆ” ಎಂದೆ. “ನಾಣ್ಯ ಹಾಕಿದವರು ಅವತ್ತು ಅಲ್ಲಿದ್ದರೇನು?” ಎಂದು ಅವರು ಫೋನ್ ಇಟ್ಟರು.

ಹೀಗಾಗಿ ಎರಡನೆಯ ಸಲ ಬರೆಯುವ ಕೆಲಸ ಗ್ರಂಥಾಲಯದಿಂದ ಆರಂಭವಾಯಿತು. ರಾಡ್ನಿ ಬರೆದ ಮತ್ತು ಅವನಿಗೆ ಬಂದ ಪತ್ರಗಳ ಸಂಪುಟವೊಂದು 1933ರಲ್ಲಿ ಅಚ್ಚಾಗಿದೆ. ಅದನ್ನು ತಂದು, ಯಾವ ಸಂಗತಿಗೆ ಯಾವ ದಿನದ, ಯಾರ ಕೈಯ ಬರಹ ಆಧಾರವೆಂಬುದನ್ನು ನೋಟ್‌ಬುಕ್ಕಿನ ಎಡಪುಟದಲ್ಲಿಯೂ, ನಂತರದವರು ಸೇರಿಸಿದ ಕಥೆಯನ್ನು ಬಲಪುಟದಲ್ಲಿಯೂ ಬರೆಯುತ್ತ ಹೋದೆ. ಜುಲೈ 1ರ ರಾತ್ರಿಗೆ ಬಂದಾಗ ಬಲಪುಟ ತುಂಬಿ ತುಳುಕುತ್ತಿತ್ತು. ಎಡಪುಟದಲ್ಲಿ ಇದ್ದುದು ಎರಡೇ ಟಿಪ್ಪಣಿ. ಮೊದಲನೆಯದು ರಾಡ್ನಿಯದೇ. ಜುಲೈ 4ರಂದು ತಮ್ಮ ಥಾಮಸ್‌ನಿಗೆ ಬರೆದ ಪತ್ರದಲ್ಲಿ, ಗುಡುಗು ಮಳೆಯಿಂದ ತಡವಾದರೂ ಸ್ವಾತಂತ್ರ್ಯದ ವಿಷಯದಲ್ಲಿ ತನ್ನ ಮಾತು ಸಲ್ಲಿಸಲು ಸಕಾಲಕ್ಕೆ ಬಂದು ಸೇರಿದೆನೆಂದು ಅವನು ಒಂದೇ ವಾಕ್ಯದಲ್ಲಿ ಹೇಳಿ ಮುಂದಿನ ವಿಷಯಕ್ಕೆ ಹೋಗುತ್ತಾನೆ. ಅದರಲ್ಲಿ ಕುದುರೆಯಿಲ್ಲ, ಗಾಡಿಯಿಲ್ಲ, ರಾತ್ರಿಯೂ ಇಲ್ಲ. ಎರಡನೆಯದು ಅವನ ಜೊತೆಗಾರ ಪ್ರತಿನಿಧಿ ಥಾಮಸ್ ಮೆಕೀನ್ 1813ರಲ್ಲಿ, ಅಂದರೆ 37 ವರ್ಷಗಳ ನಂತರ, ರಾಡ್ನಿಯ ತಮ್ಮನ ಮಗನಿಗೆ ಬರೆದುದು: ತಾನು ಸ್ವಂತ ಖರ್ಚಿನಲ್ಲಿ ದೂತನನ್ನು ಅಟ್ಟಿದುದಾಗಿಯೂ, ರಾಡ್ನಿ ಬೂಟು ಮತ್ತು ಹಿಮ್ಮಡಿಯ ಮುಳ್ಳುಗಳ ಸಮೇತ ಸಭಾಭವನದ ಬಾಗಿಲಲ್ಲಿ ತನಗೆ ಎದುರಾದುದಾಗಿಯೂ ಅದರಲ್ಲಿದೆ. ಸವಾರರು ಕುದುರೆಯನ್ನು ತಿವಿಯಲು ಕಟ್ಟಿಕೊಳ್ಳುವ ಆ ಮುಳ್ಳುಗಳೇ ಕುದುರೆಗೆ ಇರುವ ಸಾಕ್ಷಿ. ಆದರೆ ಮೆಕೀನ್ ಅಲ್ಲಿ ಕೊಡುವ ದಿನಾಂಕ ಜುಲೈ 4. ಮತದಾನ ನಡೆದದ್ದು ಜುಲೈ 2ರಂದು. ನನ್ನ ಮೊದಲ ಕರಡಿನಲ್ಲಿ ನಾನು ಈ ತಪ್ಪು ದಿನಾಂಕವನ್ನೂ ಒಂದು ಕಡೆ ಹಾಗೆಯೇ ಎತ್ತಿ ಬರೆದಿದ್ದೆನೆಂದು ಒಪ್ಪಿಕೊಳ್ಳಬೇಕು. ಎರಡೂ ಪತ್ರಗಳನ್ನು ಓದಿ ಹೇಳಿದಾಗ ಮಾವ ನಕ್ಕು, “ತಾರೀಖು ಮರೆತವನು ಬೂಟನ್ನು ಮರೆತಿರಲಿಕ್ಕಿಲ್ಲ, ಇರಲಿ, ಆದರೆ ಯಾರು ಹೇಳಿದ್ದು, ಯಾವಾಗ ಹೇಳಿದ್ದು ಎಂದು ಬರಿ” ಎಂದರು. ಹಾಗೆಯೇ ಬರೆದೆ. ನಾಲ್ಕು ಪುಟ ಅರ್ಧ ಪುಟವಾಯಿತು.

ಆ ಅರ್ಧ ಪುಟದಲ್ಲಿ ಮತದ ಲೆಕ್ಕವನ್ನು ಬಿಡಿಸಿ ಹೇಳುವುದು ಅಗತ್ಯವೆನಿಸಿತು, ಏಕೆಂದರೆ ರಾಡ್ನಿಯ ಒಂದು ಮತವೇ ದೇಶವನ್ನು ಹುಟ್ಟಿಸಿತೆಂಬ ಮಾತು ಇಲ್ಲಿ ಆಗಾಗ ಕೇಳಿಬರುತ್ತದೆ. ಅದು ನಿಜವಲ್ಲ. ವಸಾಹತುಗಳ ಪ್ರತಿನಿಧಿಗಳ ಸಭೆಯಾದ ಕಾಂಗ್ರೆಸ್ಸಿನಲ್ಲಿ ಒಂದು ವಸಾಹತಿಗೆ ಒಂದೇ ಮತ. ಜುಲೈ 1ರ ಎಣಿಕೆಯಲ್ಲಿಯೇ ಒಂಬತ್ತು ವಸಾಹತುಗಳು ಸ್ವಾತಂತ್ರ್ಯದ ಪರವಾಗಿದ್ದವು, ಪೆನ್ಸಿಲ್ವೇನಿಯಾ ಮತ್ತು ದಕ್ಷಿಣ ಕ್ಯಾರೊಲೈನಾ ವಿರುದ್ಧವಾಗಿದ್ದವು, ನ್ಯೂಯಾರ್ಕ್ ತಟಸ್ಥವಾಗಿತ್ತು, ಹಾಜರಿದ್ದ ಇಬ್ಬರಲ್ಲಿ ಮೆಕೀನ್ ಪರವಾಗಿಯೂ ಜಾರ್ಜ್ ರೀಡ್ ವಿರುದ್ಧವಾಗಿಯೂ ನಿಂತದ್ದರಿಂದ ಡೆಲವೇರ್ ಮಾತ್ರ ಸಮಸಮವಾಗಿ ಒಡೆದಿತ್ತು. ಮರುದಿನ ರಾಡ್ನಿ ಬಂದು ಆ ಗಂಟು ಬಿಡಿಸಿದ. ಅದೇ ದಿನ ದಕ್ಷಿಣ ಕ್ಯಾರೊಲೈನಾ ಮನಸ್ಸು ಬದಲಿಸಿತು, ಪೆನ್ಸಿಲ್ವೇನಿಯಾದ ಪ್ರತಿನಿಧಿಗಳಾದ ಡಿಕಿನ್‌ಸನ್ ಮತ್ತು ಮಾರಿಸ್ ಮತದಾನದಿಂದ ದೂರ ಉಳಿದುದರಿಂದ ಅದೂ ಪರವಾಗಿ ತಿರುಗಿತು. ರಾಡ್ನಿ ಬಾರದಿದ್ದರೂ ನಿರ್ಣಯ ಗೆಲ್ಲುತ್ತಿತ್ತು. ಮತ ಹಾಕಿದ ಹನ್ನೆರಡು ವಸಾಹತುಗಳೂ ಒಟ್ಟಾಗಿ ನಿಂತವೆಂದು ಹೇಳಲು ಮಾತ್ರ ಆಗುತ್ತಿರಲಿಲ್ಲ. ಯುದ್ಧಕ್ಕೆ ಇಳಿಯಲಿದ್ದವರಿಗೆ ಆ ಮಾತಿನ ಬೆಲೆ ಸಣ್ಣದಾಗಿರಲಿಲ್ಲ.

ನನ್ನ ಬರಹದ ದಿಕ್ಕು ಬದಲಾದದ್ದು ಇನ್ನೊಂದು ಪ್ರಶ್ನೆಯಿಂದ: ಇಷ್ಟು ಮುಖ್ಯವಾದ ದಿನ ಅವನು ಫಿಲಡೆಲ್ಫಿಯಾದಲ್ಲಿ ಏಕೆ ಇರಲಿಲ್ಲ? ಲೂಯಿಸ್ ಎಂಬ ಕರಾವಳಿಯ ಊರಿನ ಹೆಣ್ಣೊಬ್ಬಳ ಮೋಹದಲ್ಲಿ ಸಿಕ್ಕಿಕೊಂಡಿದ್ದನೆಂಬ ದಂತಕಥೆಯೂ ಇದೆ. ಅದು ಬಲಪುಟಕ್ಕೆ ಹೋಯಿತು. ಎಡಪುಟದ ಉತ್ತರ ಅಷ್ಟು ರಸವತ್ತಾದುದಲ್ಲ. ರಾಡ್ನಿ ಆಗ ಕಾಂಗ್ರೆಸ್ಸಿನ ಸದಸ್ಯನಷ್ಟೇ ಅಲ್ಲ, ತನ್ನ ವಸಾಹತಿನ ಶಾಸನಸಭೆಯ ಸಭಾಧ್ಯಕ್ಷನೂ, 1775ರಿಂದ ಮಿಲಿಷಿಯಾ ಎಂಬ ಸ್ಥಳೀಯ ಪಡೆಯ ಬ್ರಿಗೇಡಿಯರ್ ಜನರಲ್ ಕೂಡ ಆಗಿದ್ದ. ಅವನ ಅಧ್ಯಕ್ಷತೆಯಲ್ಲಿಯೇ ಜೂನ್ 15ರಂದು ಆ ಸಭೆ ಬ್ರಿಟಿಷ್ ದೊರೆಯ ಹೆಸರಿನ ಆಡಳಿತವನ್ನು ನಿಲ್ಲಿಸಿತ್ತು. ದಕ್ಷಿಣದ ಸಸೆಕ್ಸ್ ಕೌಂಟಿಯಲ್ಲಿ ದೊರೆಯ ಪರವಾದವರು ಎದ್ದು ನಿಂತಿದ್ದರು. ಅವರನ್ನು ಅಡಗಿಸುವ ಕೆಲಸ ಅವನ ಹೆಗಲ ಮೇಲಿತ್ತು. ಸಭೆಯಿಂದ ಅವನನ್ನು ದೂರ ಇಟ್ಟದ್ದು ದಂಡಿನ ಕೆಲಸ. ರಾಜಕಾರಣಿ ಮತ್ತು ದಳಪತಿ ಎಂಬ ಎರಡು ಅಧ್ಯಾಯಗಳಾಗಿ ನಾನು ಒಡೆದಿಟ್ಟಿದ್ದ ಬದುಕು ಒಂದೇ ಎಂದು ಆಗ ಹೊಳೆಯಿತು, ಮತ್ತು ಆ ವಿಂಗಡಣೆಯನ್ನು ಅಳಿಸಿದೆ.

ಮಿಲಿಷಿಯಾ ಎಂಬ ಮಾತಿಗೆ ಕನ್ನಡ ಪದ ಹುಡುಕಲು ಒಂದು ವಾರ ಕಳೆದೆ. ಹೊಲದ ಕೆಲಸ ಬಿಟ್ಟು ಕರೆ ಬಂದಾಗ ಬಂದೂಕು ಹಿಡಿದು ಬಂದು, ಅವಧಿ ಮುಗಿದ ಕೂಡಲೇ ಮನೆಗೆ ಹೊರಡುವವರ ಪಡೆ ಅದು. ಹಳೆಯ ಮೈಸೂರು ಸಂಸ್ಥಾನದಲ್ಲಿ ಇಂಥ ಸ್ಥಳೀಯ ಪಡೆಗೆ ಕಂದಾಚಾರ ಎಂಬ ಹೆಸರಿತ್ತು, ಮತ್ತು ಅರ್ಥಕ್ಕೆ ಅದಕ್ಕಿಂತ ಹತ್ತಿರದ ಮಾತು ನಮ್ಮಲ್ಲಿಲ್ಲ. ಆದರೆ ಇಂದಿನ ಓದುಗರಿಗೆ ಕಂದಾಚಾರವೆಂದರೆ ಮೂಢ ಸಂಪ್ರದಾಯ. “ರಾಡ್ನಿ ಕಂದಾಚಾರದ ಮುಖ್ಯಸ್ಥನಾಗಿದ್ದ” ಎಂದು ಬರೆದರೆ ಅವನನ್ನು ಮಠಕ್ಕೆ ಕಳುಹಿಸಿದಂತಾಗುತ್ತದೆ. ಮನಸ್ಸಿಲ್ಲದ ಮನಸ್ಸಿನಿಂದ ಮಿಲಿಷಿಯಾ ಎಂದೇ ಉಳಿಸಿದೆ. ಇದಕ್ಕಿಂತ ಕಠಿಣವಾದುದು ಏಕವಚನ ಬಹುವಚನಗಳ ಸಮಸ್ಯೆ. ಮೊದಲ ಕರಡಿನಲ್ಲಿ ರಾಡ್ನಿಯನ್ನು ‘ಅವರು’ ಎಂದೂ ಅವನ ಜಮೀನಿನಲ್ಲಿ ದುಡಿಯುತ್ತಿದ್ದ ಗುಲಾಮರನ್ನು ‘ಅವನು’, ‘ಅವಳು’ ಎಂದೂ ಬರೆದಿದ್ದೆನೆಂಬುದು ಮರು ಓದಿನಲ್ಲಿ ಕಂಡು ನಾಚಿಕೆಯಾಯಿತು. ನನ್ನ ವ್ಯಾಕರಣವೇ ಒಡೆಯನ ಪಕ್ಷ ವಹಿಸಿತ್ತು. ಎಲ್ಲರಿಗೂ ಏಕವಚನ ಎಂದು ತೀರ್ಮಾನಿಸಿದೆ, ವಾಷಿಂಗ್ಟನ್‌ನಿಗೂ ಅದೇ.

ಗುಲಾಮರ ವಿಷಯವನ್ನು ನಾನು ಮೊದಲು ಕೊನೆಯ ಪುಟದ ಒಂದು ವಾಕ್ಯದಲ್ಲಿ ಮುಗಿಸಿದ್ದೆ. ಅದನ್ನು ಆರಂಭಕ್ಕೆ ತಂದೆ. 1728ರ ಅಕ್ಟೋಬರ್ 7ರಂದು ಡೋವರ್ ಬಳಿಯ ಬೈಫೀಲ್ಡ್ ಎಂಬ ಜಮೀನಿನಲ್ಲಿ ಹುಟ್ಟಿದ ಈತ, ಹರೆಯದಲ್ಲಿಯೇ ತಂದೆಯನ್ನು ಕಳೆದುಕೊಂಡು, 1755ರಲ್ಲಿ ಕೆಂಟ್ ಕೌಂಟಿಯ ಷರೀಫ್ ಆಗಿ, ನಂತರ ಶಾಸನಸಭೆಯ ಸದಸ್ಯನಾಗಿ, 1765ರಲ್ಲಿ ಬ್ರಿಟನ್ ವಸಾಹತುಗಳ ಮೇಲೆ ಹೇರಿದ ಸ್ಟಾಂಪ್ ತೆರಿಗೆಯನ್ನು ವಿರೋಧಿಸಲು ನ್ಯೂಯಾರ್ಕಿನಲ್ಲಿ ಸೇರಿದ ಸಭೆಗೆ ಪ್ರತಿನಿಧಿಯಾಗಿ ಹೋಗಿ, ವರ್ಷದ ಎಷ್ಟೋ ದಿನಗಳನ್ನು ಸಾರ್ವಜನಿಕ ಕೆಲಸದಲ್ಲಿ ಕಳೆಯಲು ಸಾಧ್ಯವಾದುದು ಆ ಜಮೀನಿನ ಬೆಳೆಯನ್ನು ಬೇರೆಯವರು ಸಂಬಳವಿಲ್ಲದೆ ಬೆಳೆಯುತ್ತಿದ್ದುದರಿಂದ. ಗುಲಾಮರ ಆಮದನ್ನು ತಡೆಯುವ ಮಸೂದೆಯನ್ನು ಅವನು 1760ರ ದಶಕದಲ್ಲಿ ಬೆಂಬಲಿಸಿದ; ಅದು ಸ್ವಲ್ಪದರಲ್ಲಿ ಸೋತಿತು. ಮರಣಶಾಸನದಲ್ಲಿ ತನ್ನ ಗುಲಾಮರ ಬಿಡುಗಡೆಗೆ ಏರ್ಪಾಡು ಮಾಡಿದ. ಬದುಕಿರುವಾಗ ಅವರ ದುಡಿಮೆಯನ್ನು ಉಂಡ. ವಿಲ್ಮಿಂಗ್ಟನ್ ನಗರದ ಚೌಕದಲ್ಲಿ 1923ರಿಂದ ನಿಂತಿದ್ದ ಅವನ ಅಶ್ವಾರೂಢ ಪ್ರತಿಮೆಯನ್ನು 2020ರ ಜೂನ್‌ನಲ್ಲಿ ಇಳಿಸಿದ್ದಕ್ಕೆ ಹಿನ್ನೆಲೆ ಇದೇ. ಎರಡು ಮಾತನ್ನೂ ಪಕ್ಕಪಕ್ಕದಲ್ಲಿಟ್ಟೆ. ಒಂದರಿಂದ ಇನ್ನೊಂದನ್ನು ಕಳೆಯುವ ಲೆಕ್ಕ ಮಾಡಲಿಲ್ಲ.

ಅರ್ಧ ಪುಟಕ್ಕೆ ಇಳಿದ ಸವಾರಿಯಿಂದ ಉಳಿದ ಜಾಗವನ್ನೆಲ್ಲ 1776ರ ಉತ್ತರಾರ್ಧದಿಂದ 1781ರವರೆಗಿನ ಕಾಲಕ್ಕೆ ಕೊಟ್ಟೆ. ನನ್ನ ಮಟ್ಟಿಗೆ ಈ ಮನುಷ್ಯ ಅಲ್ಲಿದ್ದಾನೆ. ಸ್ವಾತಂತ್ರ್ಯಕ್ಕೆ ಮತ ಹಾಕಿದ ಕೆಲವೇ ತಿಂಗಳಲ್ಲಿ ಅವನ ಜನ ಅವನನ್ನು ಕೈಬಿಟ್ಟರು: ರಾಜ್ಯದ ಸಂವಿಧಾನ ರಚಿಸುವ ಸಭೆಗೆ ಕೆಂಟ್ ಕೌಂಟಿ ಅವನನ್ನು ಆರಿಸಲಿಲ್ಲ, ಮತ್ತು ವರ್ಷದ ಕೊನೆಗೆ ಶಾಸನಸಭೆ, ವಿರುದ್ಧ ಮತ ಹಾಕಿದ್ದ ರೀಡ್‌ನನ್ನು ಕಾಂಗ್ರೆಸ್ಸಿಗೆ ಉಳಿಸಿಕೊಂಡು ರಾಡ್ನಿ ಮತ್ತು ಮೆಕೀನ್ ಇಬ್ಬರನ್ನೂ ಬಿಟ್ಟಿತು. ಮುನಿಸಿಕೊಂಡು ಮನೆಯಲ್ಲಿ ಕೂರಲು ಇದಕ್ಕಿಂತ ಒಳ್ಳೆಯ ಕಾರಣ ಬೇಕಿರಲಿಲ್ಲ. ಅವನು ಮಿಲಿಷಿಯಾವನ್ನು ಕೂಡಿಸಿಕೊಂಡು ಚಳಿಗಾಲದಲ್ಲಿ ಉತ್ತರಕ್ಕೆ ಹೊರಟ. 1777ರ ಜನವರಿ 3ರಂದು ಪ್ರಿನ್ಸ್‌ಟನ್ ಕಾಳಗದಲ್ಲಿ ಅವನ ಆಪ್ತ ಗೆಳೆಯ, ಡೆಲವೇರ್ ರೆಜಿಮೆಂಟಿನ ಕರ್ನಲ್ ಜಾನ್ ಹ್ಯಾಸ್ಲೆಟ್ ಸತ್ತ. ರಾಡ್ನಿಗೆ ಸಿಕ್ಕಿದ್ದು ಟ್ರೆಂಟನ್ ಠಾಣ್ಯದ ಉಸ್ತುವಾರಿ: ಬಂದ ತುಕಡಿಗಳನ್ನು ಮುಂದಕ್ಕೆ ಕಳುಹಿಸುವ ಕೆಲಸ. ಫೆಬ್ರವರಿಯಲ್ಲಿ ವಾಷಿಂಗ್ಟನ್ ಅವನಿಗೆ ಬರೆದ ಪತ್ರವನ್ನು ಓದಿದ ಸಂಜೆ ನಾನು ಕರಡಿನ ಮಧ್ಯಭಾಗವನ್ನೆಲ್ಲ ಮತ್ತೆ ಬರೆದೆ. ಆಪತ್ತಿನ ಹೊತ್ತಿನಲ್ಲಿ ಕಣಕ್ಕಿಳಿದುದನ್ನೂ, ಡೆಲವೇರ್‌ನ ಮಿಲಿಷಿಯಾವನ್ನು ಹೊರಡಿಸಲು ಪಟ್ಟ ಶ್ರಮವನ್ನೂ, ಟ್ರೆಂಟನ್‌ನಿಂದ ಪಡೆಗಳನ್ನು ಚುರುಕಾಗಿ ಸಾಗಿಸಿದುದನ್ನೂ ಆ ಪತ್ರ ಹೊಗಳುತ್ತದೆ. ದಂಡನಾಯಕನ ಕಣ್ಣಿಗೆ ಬಿದ್ದ ರಾಡ್ನಿ ನಾಣ್ಯದ ಸವಾರನಲ್ಲ.

ಅದೇ ವರ್ಷದ ಸೆಪ್ಟೆಂಬರ್ 3ರಂದು ಯುದ್ಧ ನಮ್ಮೂರಿಗೇ ಬಂತು. ನಮ್ಮ ಮನೆಯಿಂದ ಕೆಲವೇ ಮೈಲಿ ದೂರದ ಕೂಚ್ ಸೇತುವೆಯ ಬಳಿ ನಡೆದ ಚಕಮಕಿ ಡೆಲವೇರ್ ನೆಲದ ಒಂದೇ ಕಾಳಗವೆನ್ನುತ್ತಾರೆ. ಬರೆಯುವಾಗ ಮೂರು ಭಾನುವಾರ ಅಲ್ಲಿಗೆ ನಡೆದು ಹೋಗಿ ತಗ್ಗುದಿಣ್ಣೆಗಳನ್ನು ನೋಡಿ ಬಂದೆ. ಸ್ವಲ್ಪ ದಿನಗಳಲ್ಲಿಯೇ ಬ್ರಿಟಿಷರು ವಿಲ್ಮಿಂಗ್ಟನ್ನಿಗೆ ನುಗ್ಗಿ ರಾಜ್ಯದ ಅಧ್ಯಕ್ಷ ಜಾನ್ ಮೆಕಿನ್ಲಿಯನ್ನೇ ಸೆರೆಹಿಡಿದರು. 1778ರ ಮಾರ್ಚ್‌ನಲ್ಲಿ ಆ ಸ್ಥಾನಕ್ಕೆ ಶಾಸನಸಭೆ ಆರಿಸಿದ್ದು ತಾನೇ ಹಿಂದೆ ಕೈಬಿಟ್ಟಿದ್ದ ರಾಡ್ನಿಯನ್ನು. (ಅಧ್ಯಕ್ಷ ಎಂದರೆ ಇಲ್ಲಿ ಇಂದಿನ ಗವರ್ನರ್‌ನ ಪೂರ್ವಜನೆಂದು ಅಡ್ಡವಾಕ್ಯ ಹಾಕಬೇಕಾಯಿತು, ಇಲ್ಲವಾದರೆ ವಾಷಿಂಗ್ಟನ್‌ಗಿಂತ ಮೊದಲೇ ರಾಷ್ಟ್ರಪತಿಯೊಬ್ಬನಿದ್ದನೆಂದು ಓದುಗರು ತಿಳಿದಾರು.) 1781ರ ನವೆಂಬರ್‌ವರೆಗೆ ಅವನು ಮಾಡಿದ್ದು ಜನ, ಧಾನ್ಯ, ದನ, ಗಾಡಿ ಒದಗಿಸುವ ಕೆಲಸ, 1780ರಲ್ಲಿ ಕ್ಯಾಮ್ಡನ್ ಕಾಳಗದಲ್ಲಿ ನುಚ್ಚುನೂರಾದ ಡೆಲವೇರ್ ರೆಜಿಮೆಂಟಿಗೆ ಮತ್ತೆ ಆಳು ಸೇರಿಸುವ ಕೆಲಸ, ಕೊಲ್ಲಿಯ ದಡದ ಊರುಗಳನ್ನು ದೋಣಿಗಳಲ್ಲಿ ಬಂದು ದೋಚುವವರಿಂದ ಕಾಯುವ ಕೆಲಸ.

ಕೊಲ್ಲಿಯ ವಿಷಯ ಬಂದಾಗ ಒಂದು ಆಸೆಗೆ ಕಡಿವಾಣ ಹಾಕಬೇಕಾಯಿತು. 1782ರ ಏಪ್ರಿಲ್ 8ರಂದು ಇದೇ ಡೆಲವೇರ್ ಕೊಲ್ಲಿಯಲ್ಲಿ ‘ಜನರಲ್ ಮಂಕ್’ ಎಂಬ ಬ್ರಿಟಿಷ್ ಯುದ್ಧನೌಕೆಯನ್ನು ಸೆರೆಹಿಡಿದ ಪೆನ್ಸಿಲ್ವೇನಿಯಾದ ಹಡಗಿನ ಹೆಸರು ‘ಹೈದರ್ ಅಲಿ’. ಬ್ರಿಟಿಷರ ವಿರುದ್ಧ ಅತ್ತ ಹೋರಾಡುತ್ತಿದ್ದ ಮೈಸೂರಿನ ನವಾಬನ ಹೆಸರನ್ನು ಇತ್ತ ಹಡಗಿಗೆ ಇಟ್ಟಿದ್ದರು. ಕನ್ನಡ ಓದುಗರ ಎದುರು ಇದನ್ನು ಹೇಳದೆ ಇರುವುದು ಹೇಗೆ? ಎರಡು ಪ್ಯಾರಾ ಬರೆದೆ. ಆದರೆ ರಾಡ್ನಿ ಆ ಹೊತ್ತಿಗೆ ಅಧಿಕಾರದಿಂದ ಇಳಿದಿದ್ದ, ಆ ಹಡಗಿಗೂ ಅವನಿಗೂ ಸಂಬಂಧವಿರಲಿಲ್ಲ. ತೆಗೆದು ಹಾಕಿದೆ, ಈಗ ಇಲ್ಲಿ ಹೇಳಿ ಆಸೆ ತೀರಿಸಿಕೊಂಡೆ.

ಲೇಖನ ಮುಗಿದ ಮೇಲೆ ಸಂಚಿಕೆಯ ಸಂಪಾದಕಿ ಅವನ ಭಾವಚಿತ್ರ ಕೇಳಿದರು. ಎಷ್ಟು ಹುಡುಕಿದರೂ ಅವನ ಕಾಲದ ನಂಬಲರ್ಹ ಚಿತ್ರವೊಂದೂ ಸಿಗಲಿಲ್ಲ. ಅವನ ಮುಖಕ್ಕೆ ಕ್ಯಾನ್ಸರ್ ತಗುಲಿತ್ತು. 1768ರಲ್ಲಿ ಫಿಲಡೆಲ್ಫಿಯಾದಲ್ಲಿ ಚಿಕಿತ್ಸೆಗೆ ಹೋಗಿದ್ದ. ನಂತರದ ದಿನಗಳಲ್ಲಿ ಹಸಿರು ರೇಷ್ಮೆ ವಸ್ತ್ರದಿಂದ ಮುಖದ ಒಂದು ಭಾಗ ಮುಚ್ಚಿಕೊಳ್ಳುತ್ತಿದ್ದನೆಂಬುದು ಪರಂಪರೆಯ ಮಾತು. ನಾಣ್ಯದಲ್ಲಿಯೂ ಪ್ರತಿಮೆಯಲ್ಲಿಯೂ ಇರುವುದು ಕಲಾವಿದರ ಊಹೆ. ಇರುವ ಒಂದೇ ಚಿತ್ರ ಅಕ್ಷರದ್ದು: 1774ರ ಸೆಪ್ಟೆಂಬರ್‌ನಲ್ಲಿ ಅವನನ್ನು ಮೊದಲು ಕಂಡ ಮ್ಯಾಸಚೂಸೆಟ್ಸ್‌ನ ಪ್ರತಿನಿಧಿ ಜಾನ್ ಆಡಮ್ಸ್, ಇಷ್ಟು ವಿಚಿತ್ರ ರೂಪದ ಮನುಷ್ಯ ಲೋಕದಲ್ಲಿಲ್ಲ, ಜೊಂಡಿನಂತೆ ಉದ್ದ, ತೆಳ್ಳಗೆ, ಬಿಳಿಚಿದ ಮೈ, ಮುಖ ದೊಡ್ಡದೊಂದು ಸೇಬಿಗಿಂತ ದೊಡ್ಡದಲ್ಲ, ಆದರೂ ಅದರಲ್ಲಿ ಬುದ್ಧಿ, ಕಿಚ್ಚು ಮತ್ತು ಹಾಸ್ಯವಿದೆ ಎಂಬ ಅರ್ಥದಲ್ಲಿ ದಿನಚರಿಯಲ್ಲಿ ಬರೆದುಕೊಂಡಿದ್ದ. ಸಮಾಧಿಯ ಚಿತ್ರವಾದರೂ ಇರಲೆಂದು ಡೋವರ್‌ನ ಕ್ರೈಸ್ಟ್ ಚರ್ಚಿನ ಅಂಗಳಕ್ಕೆ ಹೋದೆ. ಅಲ್ಲಿ ಅವನ ಹೆಸರಿನ ಸ್ಮಾರಕಶಿಲೆ ಇದೆ. ಆದರೆ 1784ರ ಜೂನ್‌ನಲ್ಲಿ ಸತ್ತ ಅವನನ್ನು ಹೂಳಿದ್ದು ಬೈಫೀಲ್ಡ್ ಜಮೀನಿನಲ್ಲಿ, ಗುರುತಿನ ಕಲ್ಲಿಲ್ಲದೆ.

ಸಂಪಾದಕಿಗೆ ಫೋನ್ ಮಾಡಿ, ಚಿತ್ರದ ಚೌಕಟ್ಟನ್ನು ಖಾಲಿ ಬಿಟ್ಟು ಅದರೊಳಗೆ ಆಡಮ್ಸ್‌ನ ಮಾತುಗಳನ್ನು ಅಚ್ಚು ಹಾಕಲು ಸಾಧ್ಯವೇ ಎಂದು ಕೇಳಿದೆ. ಅವರು ಸ್ವಲ್ಪ ಯೋಚಿಸಿ, ಮುದ್ರಕರ ತಪ್ಪೆಂದು ಓದುಗರು ಭಾವಿಸದಂತೆ ಸುತ್ತ ದಪ್ಪ ಗೆರೆ ಹಾಕಿಸುವುದಾಗಿ ಹೇಳಿದರು.