ಎಸ್‌ಯುವಿಗೆ ಸ್ಕಿಡ್ ಪ್ಲೇಟ್ ಆರಿಸುವಾಗ ನಿರ್ವಹಣೆಯನ್ನೂ ಗಮನಿಸಿ

ಕಲ್ಲು ಬಂಡೆಗಳ ಹಾದಿಯಲ್ಲಿ ಆಯಿಲ್ ಸಂಪ್ (ಇಂಜಿನ್ ಆಯಿಲ್ ನಿಲ್ಲುವ ತಳದ ತೊಟ್ಟಿ) ಮತ್ತು ಗೇರ್‌ಬಾಕ್ಸ್‌ಗಳನ್ನು ಕಾಪಾಡಲು ವಾಹನದ ಅಡಿಗೆ ಹಾಕುವ ಲೋಹದ ಹಾಳೆಯಾದ ಸ್ಕಿಡ್ ಪ್ಲೇಟ್ ಗಟ್ಟಿಯಾಗಿದ್ದರಷ್ಟೇ ಸಾಲದು, ಆಯಿಲ್ ಬದಲಿಸುವಾಗಲೆಲ್ಲ ಅದನ್ನು ಪೂರ್ತಿ ಇಳಿಸುವ ಪ್ರಮೇಯ ಬಾರದಂತೆಯೂ ಇರಬೇಕು.

ಕೊಳ್ಳುವ ಮೊದಲು ವಾಹನದ ಕೆಳಗೆ ಮಲಗಿ ಡ್ರೈನ್ ಪ್ಲಗ್ (ಹಳೆಯ ಆಯಿಲ್ ಹೊರಬಿಡಲು ಬಿಚ್ಚುವ ಬಿರಡೆ) ಮತ್ತು ಆಯಿಲ್ ಫಿಲ್ಟರ್ ಎಲ್ಲಿವೆ ಎಂದು ನೋಡಿಕೊಂಡು, ಪ್ಲೇಟಿನ ಕಿಂಡಿಗಳು ಅವುಗಳ ನೇರಕ್ಕೇ ಬರುತ್ತವೆಯೇ ಎಂದು ಖಚಿತಪಡಿಸಿಕೊಳ್ಳಿ. ಕಿಂಡಿ ಕಿರಿದಾಗಿದ್ದರೆ ಆಯಿಲ್ ಅಂಚಿಗೆ ಬಡಿದು ಪ್ಲೇಟಿನೊಳಗೆ ನಿಲ್ಲುತ್ತದೆ. ಮುಂದೆ ಹಲವು ದಿನ ತೊಟ್ಟಿಕ್ಕುತ್ತಾ ಇಂಜಿನ್ ಸೋರುತ್ತಿದೆಯೇನೋ ಎಂಬ ಆತಂಕ ಹುಟ್ಟಿಸುತ್ತದೆ. ಸ್ಪ್ಯಾನರ್ ಹಿಡಿದ ಕೈ ತಿರುಗುವಷ್ಟು ಜಾಗ, ಫಿಲ್ಟರ್ ಹೊರಬರುವಷ್ಟು ಅಗಲ ಇರಲೇಬೇಕು. ಬೋಲ್ಟ್ ಹಾಕಿ ಮುಚ್ಚುವ ಪ್ರತ್ಯೇಕ ಮುಚ್ಚಳವಿದ್ದರೆ ಇನ್ನೂ ಒಳ್ಳೆಯದು.

ಅಲ್ಯೂಮಿನಿಯಂ ಅಷ್ಟೇ ಗಾತ್ರದ ಉಕ್ಕಿನ ಮೂರನೇ ಒಂದು ಭಾಗದಷ್ಟು ಮಾತ್ರ ತೂಗುವುದರಿಂದ ಒಬ್ಬರೇ ಎತ್ತಿ ಕೂರಿಸಬಹುದು. ಉಕ್ಕು ಬಂಡೆಯ ಮೇಲೆ ಸುಲಭವಾಗಿ ಜಾರುತ್ತದೆ, ಪೆಟ್ಟನ್ನೂ ಚೆನ್ನಾಗಿ ತಾಳುತ್ತದೆ, ಆದರೆ ಬಣ್ಣ ಕೆತ್ತಿಹೋದಲ್ಲಿ ತುಕ್ಕು ಹಿಡಿಯುತ್ತದೆ.

ಒಂದೇ ದೊಡ್ಡ ಹಾಳೆಗಿಂತ, ಒಂದೊಂದನ್ನೂ ಬೇರೆಯಾಗಿ ಬಿಚ್ಚಬಹುದಾದ ಎರಡು ಮೂರು ತುಂಡುಗಳೇ ಮೇಲೆಂಬುದು ನನ್ನ ಖಚಿತ ಅಭಿಪ್ರಾಯ. ಬೋಲ್ಟ್ ತಲೆಗಳು ಪ್ಲೇಟಿನ ಮಟ್ಟಕ್ಕಿಂತ ಒಳಗೆ ತಗ್ಗಿನಲ್ಲಿರಲಿ. ಹೊರಚಾಚಿದ ತಲೆ ಕಲ್ಲಿಗೆ ಉಜ್ಜಿ ಸವೆದರೆ ಸ್ಪ್ಯಾನರ್ ಕಚ್ಚುವುದಿಲ್ಲ. ಕೆಸರು ತೊಳೆಯಲು, ಗಾಳಿಯಾಡಲು ಸೀಳುಗಳಿವೆಯೇ ಎಂಬುದನ್ನೂ ನೋಡಿ. ಮೊದಲ ಒರಟು ಪ್ರಯಾಣದ ಬಳಿಕ ಬೋಲ್ಟ್‌ಗಳನ್ನು ತಯಾರಕರು ಸೂಚಿಸಿದ ಬಿಗಿತಕ್ಕೆ ಮತ್ತೊಮ್ಮೆ ಬಿಗಿಮಾಡಿ.