ಫಸ್ಟ್ ಏಡ್ ಕೋರ್ಸ್ ಸೇರೋ ಮುಂಚೆ ಇಷ್ಟು ನೋಡ್ಕೊಳ್ಳಿ

ಮೊದ್ಲು ರೆಡ್ ಕ್ರಾಸ್ ಇಲ್ಲಾಂದ್ರೆ ಸೇಂಟ್ ಜಾನ್ ಆಂಬುಲೆನ್ಸ್ ಕ್ಲಾಸ್ ನಿಮ್ಮೂರ ಹತ್ರ ಯಾವಾಗಿದೆ ಅಂತ ವಿಚಾರ್ಸಿ. ಬರೀ ಸ್ಲೈಡ್ ತೋರ್ಸಿ ಸರ್ಟಿಫಿಕೇಟ್ ಕೊಡೋ ಕಡೆ ದುಡ್ಡು ಹಾಕ್ಬೇಡಿ, ಸಿಪಿಆರ್‌ಗೆ (ಹೃದಯ ನಿಂತೋರಿಗೆ ಎದೆ ಒತ್ತಿ ಉಸಿರು ಊದೋದು) ಗೊಂಬೆ ಇದ್ಯಾ, ಒಬ್ಬೊಬ್ರಿಗೂ ಒತ್ತೋಕೆ ಬಿಡ್ತಾರಾ ಅಂತ ಕೇಳಿ, ಯಾಕಂದ್ರೆ ಎದೆ ಮಧ್ಯ ನಿಮಿಷಕ್ಕೆ 100ರಿಂದ 120 ಸಲ, 5-6 ಸೆಂಟಿಮೀಟರ್ ಆಳಕ್ಕೆ ಒತ್ಬೇಕು ಅಂತ ಓದೋದು ಸುಲಭ, ಎರಡೇ ನಿಮಿಷ ಒತ್ತಿ ನೋಡಿ, ಕೈ ಸೋತು ಬೆವರು ಕಿತ್ಕೊಂಡ್ ಬರತ್ತೆ. 30 ಸಲ ಒತ್ತಿ 2 ಸಲ ಉಸಿರು ಊದೋದು, ಎಇಡಿ (ಹೃದಯಕ್ಕೆ ಶಾಕ್ ಕೊಡೋ ಮಶೀನು) ಪ್ಯಾಡ್ ಅಂಟ್ಸೋದು, ಎಲ್ಲಾನೂ ಕೈಯಾರೆ ಮಾಡಿ.

ನಮ್ ಕಡೆ ಆಗೋ ಎಮರ್ಜೆನ್ಸಿ ಬಗ್ಗೆನೂ ಕೇಳಿ ತಿಳ್ಕೊಳ್ಳಿ. ಹಾವು ಕಚ್ಚಿದ್ರೆ ಬಿಗಿಯಾಗಿ ಕಟ್ಟೋದು, ಕುಯ್ಯೋದು, ಬಾಯಲ್ಲಿ ಹೀರೋದು ಯಾವ್ದೂ ಬೇಡ, ಕೈಕಾಲು ಅಲ್ಲಾಡ್ಸದಂಗೆ ಬೇಗ ಆಸ್ಪತ್ರೆಗೆ ಸೇರ್ಸಿ. ಸುಟ್ಟ ಗಾಯಕ್ಕೆ ಪೇಸ್ಟ್ ಬಳೀದೆ 20 ನಿಮಿಷ ನಲ್ಲಿ ನೀರು ಬಿಡಿ (ನಮ್ಮಜ್ಜಿ ಇದನ್ನ ಇವತ್ತಿಗೂ ಒಪ್ಪಲ್ಲ).

ಇನ್ನು ಆಕ್ಸಿಡೆಂಟ್ ಆದಾಗ ಪೊಲೀಸ್ ಕೇಸ್ ಭಯಕ್ಕೆ ಎಷ್ಟೋ ಜನ ಹತ್ರನೂ ಹೋಗಲ್ಲ, ಆದ್ರೆ ಒಳ್ಳೇ ಮನಸ್ಸಿಂದ ಸಹಾಯ ಮಾಡೋರಿಗೆ 2019ರ ಮೋಟಾರು ವಾಹನ ಕಾಯ್ದೆ ತಿದ್ದುಪಡಿಲೇ ರಕ್ಷಣೆ ಇದೆ, ಧೈರ್ಯವಾಗಿ 108ಕ್ಕೆ ಫೋನ್ ಮಾಡಿ.